ಬುಡದಲ್ಲಿ ಭೋಗ, ತುದಿಯಲ್ಲಿ ಯೋಗ

ಬಾಣ ದೊರೆ ವಿದ್ಯಾಧರನ ರಾಣಿ ರತ್ನಾವಳಿ ನಂದಿಬೆಟ್ಟದ ಬುಡದ ನಂದಿ ಗ್ರಾಮದಲ್ಲಿ ಶಿವನಿಗೆ ಗುಡಿ ಕಟ್ಟಿಸಿ ಸಾವಿರದ ಇನ್ನೂರು ವರ್ಷಗಳು ಸಂದವು. ಆ ಗುಡಿಗೆ ದತ್ತಿ ಬಿಟ್ಟ ಸಂಗತಿಯನ್ನು ಕ್ರಿ.ಶ. 810ರ ಚಿಕ್ಕಬಳ್ಳಾಪುರ ತಾಮ್ರಶಾಸನ ಇಂದಿಗೂ ಸಾರುತ್ತಿದೆ. ರಾಜ್ಯ ಹೋಯಿತು, ವಂಶ ಅಳಿಯಿತು, ಬಾಣರೆಂಬ ಹೆಸರೇ ಜನರ ಬಾಯಿಂದ ಮರೆಯಾಯಿತು. ರಾಣಿಯ ಹೆಸರು ಮಾತ್ರ ಉಳಿಯಿತು.

ಅವಳಿಗಿಂತ ಮೊದಲೇ ಈ ಗಿರಿಸಾಲು ದೇವರ ನೆಲೆ. ನೆರೆಯ ಗೋಪಿನಾಥ ಬೆಟ್ಟದಲ್ಲಿರುವ 8ನೆಯ ಶತಮಾನದ ಜೈನ ಶಾಸನವು ಅಲ್ಲಿನ ಜಿನಾಲಯವನ್ನು ಶ್ರೀರಾಮನು ಕಟ್ಟಿಸಿದನೆಂದೂ ಕುಂತಿಯು ಜೀರ್ಣೋದ್ಧಾರ ಮಾಡಿಸಿದಳೆಂದೂ ಹೇಳುತ್ತದೆ. ಆ ಕಾಲದವರಿಗೇ ಈ ಬೆಟ್ಟ ಪುರಾಣದಷ್ಟು ಹಳೆಯದಾಗಿ ತೋರಿತ್ತು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ, ಚಿತ್ರಾವತಿ, ಪಾಪಘ್ನಿ ಎಲ್ಲವೂ ಈ ಸೀಮೆಯಲ್ಲೇ ಹುಟ್ಟಿ ದಿಕ್ಕಿಗೊಂದಾಗಿ ಹರಿದವು. ಒಣನಾಡಿನ ಒಕ್ಕಲು ಅಂಥ ಬೆಟ್ಟದತ್ತ ಕೈ ಮುಗಿದದ್ದರಲ್ಲಿ ಆಶ್ಚರ್ಯವೇನಿದೆ?

ನಂದಿಯ ಶಿವನಿಗೆ ವಯಸ್ಸುಂಟು. ಬುಡದ ಊರಿನ ಅರುಣಾಚಲೇಶ್ವರ ಬಾಲಕ. ಪಕ್ಕದ ಭೋಗನಂದೀಶ್ವರ ಯೌವನದ ಒಡೆಯ. ಇವರಿಬ್ಬರ ನಡುವೆ ಉಮಾಮಹೇಶ್ವರ, ಮದುವಣಿಗ. 1,478 ಮೀಟರ್ ಎತ್ತರದ ತುದಿಯಲ್ಲಿ ಕೂತ ಯೋಗನಂದೀಶ್ವರ ಎಲ್ಲವನ್ನೂ ತೊರೆದವನು. ಒಂದು ಬಾಳಿನ ಕಥೆಯನ್ನು ಬಯಲಿಂದ ಶಿಖರದವರೆಗೆ ಹಬ್ಬಿಸಿ ಕಟ್ಟಿದ ಕ್ಷೇತ್ರವಿದು. ಆದ್ದರಿಂದಲೇ ನನ್ನ ಮಾತು: ಮೇಲಿನ ಗುಡಿಯನ್ನು ಅರಿಯಬೇಕಾದವನು ಕೆಳಗಿನಿಂದಲೇ ಹೊರಡಬೇಕು.

ಕೆಳಗೆ ಕಲ್ಲೇ ಸಂಭ್ರಮಪಟ್ಟಿದೆ. ಅವಳಿ ಗರ್ಭಗುಡಿಗಳ ಎದುರು ಒಂದೊಂದು ಮಂಟಪ, ಒಂದೊಂದು ನಂದಿ. ಗೋಡೆಯ ಜಾಲಂಧ್ರಗಳು ಬೆಳಕಿಗೆಂದು ಕೊರೆದ ಬರಿಯ ಕಿಂಡಿಗಳಲ್ಲ. ತೆಂಕಣ ಗೋಡೆಯದರಲ್ಲಿ ಶಿವ ಕುಣಿಯುತ್ತಾನೆ, ಬಡಗಣ ಗೋಡೆಯದರಲ್ಲಿ ದುರ್ಗೆ ಕೋಣನ ತಲೆ ಮೆಟ್ಟಿ ನಿಂತಿದ್ದಾಳೆ. ಒಳಗಿನ ಕತ್ತಲೆಗೆ ಬಿಸಿಲು ಬರಬೇಕಾದರೆ ದೇವತೆಗಳ ಮೈಯನ್ನು ಬಳಸಿಕೊಂಡೇ ಬರಬೇಕು. ನವರಂಗದಲ್ಲಿ ತಲೆಯೆತ್ತಿದರೆ ಅಷ್ಟದಿಕ್ಪಾಲಕರು, ನಡುವೆ ಪಾರ್ವತೀಪರಮೇಶ್ವರರು.

ಎಲ್ಲಕ್ಕೂ ಮಿಗಿಲು ಉಮಾಮಹೇಶ್ವರನ ಮುಂದಿನ ಕಲ್ಯಾಣಮಂಟಪ. ಸುತ್ತಲಿನ ಕಣಶಿಲೆ ಗಡಸು, ಉಳಿಗೆ ಸುಲಭಕ್ಕೆ ಬಗ್ಗದು. ಇಲ್ಲಿನ ನಾಲ್ಕು ಕಂಬಗಳದು ನುಣುಪಾದ ಕರಿಕಲ್ಲು. ಅದರ ಮೇಲೆ ಬಳ್ಳಿ ಸುತ್ತಿದೆ, ಬಳ್ಳಿಯ ನಡುವೆ ಗಿಳಿಗಳು ಕೂತಿವೆ. ಶಿವ ಪಾರ್ವತಿ, ಬ್ರಹ್ಮ ಸರಸ್ವತಿ, ವಿಷ್ಣು ಲಕ್ಷ್ಮಿ, ಅಗ್ನಿ ಸ್ವಾಹಾ ದಂಪತಿಗಳಾಗಿ ಮದುವೆಗೆ ಬಂದು ನಿಂತಿದ್ದಾರೆ. ಹೊಯ್ಸಳರ ಕಾಲದ್ದೆನ್ನುವ ಈ ಕೆಲಸದ ಮುಂದೆ ನಾನು ಎಷ್ಟು ಹೊತ್ತು ನಿಂತರೂ ಕಣ್ಣು ತಣಿದದ್ದಿಲ್ಲ. ನೊಳಂಬರ ನಾಡನ್ನು ಗೆದ್ದ ಚೋಳರೂ ಇಲ್ಲಿ ಗುರುತು ಬಿಟ್ಟರು. ರಾಜೇಂದ್ರ ಚೋಳನೆಂದು ಜನ ತೋರಿಸುವ ಮೂರ್ತಿಯೊಂದು ಈಗಲೂ ಇದೆ. ವಿಜಯನಗರದ ಕಾಲದಲ್ಲಿ ಪ್ರಾಕಾರಗಳು ಬೆಳೆದವು. ಶೃಂಗಿತೀರ್ಥದ ಮೆಟ್ಟಿಲ ಕೊಳ ನಂದಿಯು ಕೊಂಬಿನಿಂದ ನೆಲ ತಿವಿದು ಗಂಗೆಯನ್ನು ಬರಿಸಿದ ಜಾಗವೆಂಬುದು ನಂಬಿಕೆ. ಗೆದ್ದವರು ಯಾರೂ ಹಿಂದಿನವರ ಕಟ್ಟಡವನ್ನು ಕೆಡವಲಿಲ್ಲ, ತಮ್ಮದನ್ನು ಸೇರಿಸಿದರು.

ಬೆಟ್ಟದ ತುದಿಯ ಪಾಡು ಬೇರೆ. ಕಡಿದಾದ ಬಂಡೆ ಯೋಗಿಗೆ ಒಪ್ಪಿದಂತೆ ಕೋಟೆಗೂ ಒಪ್ಪಿತು. ಚಿಕ್ಕಬಳ್ಳಾಪುರದ ಪಾಳೆಯಗಾರರಿಂದ ದುರ್ಗ ಹೈದರಾಲಿಯ ವಶವಾಯಿತು. ಟಿಪ್ಪು ಅದನ್ನು ಬಲಪಡಿಸಿದ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಮೇಜರ್ ಗೌಡಿಯ ಕೈಕೆಳಗೆ ಮುತ್ತಿಗೆ ಹಾಕಿತು. ಪಡುವಣ ಮಗ್ಗುಲೊಂದರಲ್ಲೇ ಹತ್ತಲು ಎಡೆಯಿತ್ತು. ದಾರಿ ಕಡಿದು ತೋಪುಗಳನ್ನು ಮೇಲೇರಿಸಲು ವಾರಗಳೇ ಹಿಡಿದವು. ಕೋಟೆಗೋಡೆ ಬಿರಿದ ಮೇಲೆ, ಚಂದ್ರ ಮೂಡುವವರೆಗೆ ಕಾದು, ಜನರಲ್ ಮೆಡೋಸ್‌ನ ಪಡೆ ನುಗ್ಗಿತು. ಅಕ್ಟೋಬರ್ 19ರ ಬೆಳಗಿಗೆ ದುರ್ಗ ಬಿದ್ದಿತ್ತು. ಮುಂದೆ ಮೈಸೂರಿನ ಕಮಿಷನರ್ ಮಾರ್ಕ್ ಕಬ್ಬನ್ ಬೇಸಗೆಗೆಂದು ಅಲ್ಲೇ ಬಂಗಲೆ ಕಟ್ಟಿಸಿಕೊಂಡ. 1986ರಲ್ಲಿ ಸಾರ್ಕ್ ದೇಶಗಳ ನಾಯಕರೂ ಬಂದು ಹೋದರು.

ಯೋಗನಂದೀಶ್ವರನ ಗುಡಿ ಇದೆಲ್ಲವನ್ನೂ ಕಂಡಿತು. ಕೆಳಗಿನ ಗಿಳಿ, ಬಳ್ಳಿ, ದಂಪತಿಗಳ ಬೆಡಗನ್ನು ಅಲ್ಲಿ ಹುಡುಕಿ ಹೋದವರು ಬರಿಗೈಯಲ್ಲಿ ಮರಳುತ್ತಾರೆ. ಮೋಟಾರು ದಾರಿಯಲ್ಲಿ ಸೂರ್ಯೋದಯಕ್ಕೆಂದು ನೇರವಾಗಿ ತುದಿಗೇ ಬಂದವರು ಇದೇನು ಸಾದಾ ಗುಡಿ ಎಂದು ಮುಂದೆ ಸಾಗುವಾಗ ನನ್ನ ಜೀವಕ್ಕೆ ನೋವಾಗುತ್ತದೆ. ಮದುವೆಯ ಮಂಟಪವನ್ನು ಬಿಟ್ಟು ಬಂದವನ ಮನೆಯಲ್ಲಿ ಮತ್ತೆ ಮದುವೆಯ ಕಂಬ ನೆಡಬಾರದೆಂಬ ವಿವೇಕ ಆ ಕಾಲದವರಿಗಿತ್ತು.

ಮಹಾಶಿವರಾತ್ರಿಗೆ ನಂದಿ ಗ್ರಾಮದಲ್ಲಿ ತೇರು ಎಳೆಯುತ್ತಾರೆ, ದನಗಳ ಜಾತ್ರೆ ಸೇರುತ್ತದೆ. ತೊರೆದವನಿಗೆ ಉತ್ಸವ ಸಲ್ಲದೆಂದು ಮೇಲೆ ತೇರಿಲ್ಲ. ಸುಲ್ತಾನಪೇಟೆಯ ಕಡೆಯಿಂದ ಸಾವಿರಕ್ಕೂ ಮೀರಿದ ಕಲ್ಲುಮೆಟ್ಟಿಲುಗಳ ಹಳೆಯ ದಾರಿಯೊಂದು ಅವನತ್ತ ಏರುತ್ತದೆ. ತುದಿಗೆ ಬಂದವರಿಗಾಗಿ ನೆಲ್ಲಿಕಾಯಿ ಬಸವಣ್ಣ ಗಾಳಿಗೆ ಮೈಯೊಡ್ಡಿ ಕೂತಿದ್ದಾನೆ. ಅಮೃತ ಸರೋವರದ ಮೆಟ್ಟಿಲುಗಳ ಕೆಳಗೆ ಊಟೆಯ ನೀರು ಸದ್ದಿಲ್ಲದೆ ನಿಂತಿದೆ.