ತಡವಾದ ಮೊಣಕೈಗೆ ಸಿಕ್ಕ ಉತ್ತರ

ನಮ್ಮ ಸಭೆಗಳಲ್ಲಿ ಅಬುಲ್ ಕಾಸಿಂ ಅಲ್ ಝಹ್ರಾವಿಯವರ ಹೆಸರು ಬಂದರೆ ಸಾಕು, ಇಂದಿನ ಸರ್ಜರಿಯೆಲ್ಲ ಅವರೇ ಕಂಡುಹಿಡಿದದ್ದು ಎಂದುಬಿಡುತ್ತೇವೆ. ಹೆಮ್ಮೆ ಇರಲಿ. ಆದರೆ ಒಂದೇ ಒಂದು ಕೀಲನ್ನು, ಮೊಣಕೈಯನ್ನು, ಹಿಡಿದು ನೋಡಿದರೂ ಚರಿತ್ರೆ ಅಷ್ಟು ಸಲೀಸಾಗಿಲ್ಲ.

ಝಹ್ರಾವಿ ಹುಟ್ಟಿದ್ದು 936ರಲ್ಲಿ, ಸ್ಪೇನಿನ ಕಾರ್ಡೊಬಾ ನಗರದ ಪಕ್ಕ. ಅವರ ‘ಅತ್ತಸ್ರೀಫ್’ 30 ಭಾಗಗಳ ಗ್ರಂಥ. ಕೊನೆಯ ಭಾಗ ಶಸ್ತ್ರಚಿಕಿತ್ಸೆಯದು, ಅದರ ಕೊನೆಯ ಅಧ್ಯಾಯ ಮುರಿದ ಮೂಳೆ, ತಪ್ಪಿದ ಕೀಲುಗಳದು. ಈ ಅಧ್ಯಾಯದ ಬಹಳಷ್ಟು ವಿಷಯ 7ನೇ ಶತಮಾನದ ಗ್ರೀಕ್ ವೈದ್ಯ ಪೌಲನದು; ಪಡೆದುಕೊಂಡದ್ದನ್ನು ಒಪ್ಪಿಕೊಂಡರೆ ನಮಗೇನೂ ಕಡಿಮೆಯಾಗುವುದಿಲ್ಲ. ಮೊಣಕೈ ಬಗ್ಗೆ ಅವರು ಹೇಳುವುದರ ಸಾರ ಇಷ್ಟು: ಈ ಕೀಲು ತಪ್ಪುವುದೂ ಕಷ್ಟ, ಕೂರಿಸುವುದೂ ಕಷ್ಟ, ಬಾವು ಏರುವ ಮೊದಲೇ ಕೂರಿಸಬೇಕು.

ತಡವಾದರೆ? ಎರಡು ಮೂರು ವಾರ ಕಳೆದ ಮೇಲೆ ಕೈ ಎಳೆದು ಕೂರಿಸಲು ಆಗುವುದೇ ಅಪರೂಪ. ಮೂಳೆಗಳ ನಡುವಿನ ಖಾಲಿ ಜಾಗದಲ್ಲಿ ಗಟ್ಟಿ ನಾರು ಬೆಳೆದಿರುತ್ತದೆ. ತೋಳಿನ ಹಿಂದಿನ ಟ್ರೈಸೆಪ್ಸ್ ಸ್ನಾಯು ಗಿಡ್ಡವಾಗಿರುತ್ತದೆ. ಕೈ ಹೆಚ್ಚುಕಡಿಮೆ ನೇರವಾಗಿಯೇ ಸೆಟೆದು ನಿಲ್ಲುತ್ತದೆ. ಅದೂ ಬಲಗೈ ಆದರೆ ತುತ್ತು ಬಾಯಿಗೆ ಬರಲ್ಲ, ವುಝೂ ಮಾಡುವಾಗ ನೀರು ಮುಖಕ್ಕೆ ಬರಲ್ಲ. ಬಲವಂತವಾಗಿ ಎಳೆದರೆ ಮೂಳೆಯೇ ಮುರಿದೀತು.

ಇಂಥ ಕೈಗೆ ಶತಮಾನಗಳ ಕಾಲ ಯಾರ ಬಳಿಯೂ ಸರಿಯಾದ ಉತ್ತರ ಇರಲಿಲ್ಲ. ಅದು ಝಹ್ರಾವಿಯವರ ಕೊರತೆ ಅಲ್ಲ. ಪ್ರಜ್ಞೆ ಇರುವ ಮನುಷ್ಯನ ಕೀಲನ್ನು ಬಿಚ್ಚುವುದು ಹೇಗೆ? ಬಿಚ್ಚಿದರೂ ಕೀವಾಗದಂತೆ ಕಾಯುವುದು ಹೇಗೆ? 1846ರಲ್ಲಿ ಬಾಸ್ಟನ್‌ನಲ್ಲಿ ಈಥರ್ ಕೊಟ್ಟು ಆಪರೇಷನ್ ಮಾಡಿ ತೋರಿಸಿದರು. 1867ರಲ್ಲಿ ಲಿಸ್ಟರ್ ಕಾರ್ಬಾಲಿಕ್ ಆಮ್ಲದಿಂದ ಗಾಯ ಕಾಯುವ ವಿಧಾನ ಪ್ರಕಟಿಸಿದರು. 1895ರಲ್ಲಿ ಎಕ್ಸ್‌ರೇ ಬಂತು. ಇಷ್ಟೆಲ್ಲ ಆದ ಮೇಲೆ, 1925ರಲ್ಲಿ, ಅಮೆರಿಕದ ಜೆ. ಎಸ್. ಸ್ಪೀಡ್ ಹಳೆಯ ಮೊಣಕೈ ತಪ್ಪುವಿಕೆಗೆ ಒಂದು ಶಸ್ತ್ರಕ್ರಿಯೆಯನ್ನು ಬರೆದಿಟ್ಟರು. ಅವರ ಹೆಸರಿನಲ್ಲೇ ಉಳಿದ ಆ ದಾರಿ ಹೀಗಿದೆ. ಮೊಣಕೈ ಹಿಂಭಾಗದಿಂದ ಕೊಯ್ದು, ತಗುಲಿದರೆ ಜುಮ್ಮೆನ್ನಿಸುವ ಅಲ್ನಾರ್ ನರವನ್ನು ಮೊದಲು ಹುಡುಕಿ ಪಕ್ಕಕ್ಕಿಡುತ್ತಾರೆ. ಟ್ರೈಸೆಪ್ಸನ್ನು ‘ವಿ’ ಆಕಾರದಲ್ಲಿ ಬಿಡಿಸುತ್ತಾರೆ. ತುಂಬಿಕೊಂಡ ನಾರನ್ನೆಲ್ಲ ತೆಗೆದು ಕೀಲು ಕೂರಿಸುತ್ತಾರೆ. ಆಮೇಲೆ ಆ ‘ವಿ’ಯನ್ನು ‘ವೈ’ ಆಗುವಂತೆ ಹೊಲಿದರೆ ಗಿಡ್ಡವಾದ ಸ್ನಾಯು ಉದ್ದವಾಗುತ್ತದೆ. ದರ್ಜಿ ಕೆಲಸ ಬಲ್ಲವರಿಗೆ ಇದು ಬೇಗ ಅರ್ಥವಾದೀತು.

1984ರಲ್ಲಿ ಫೌಲ್ಸ್, ಕಸ್ಸಾಬ್, ದೌಯಿಕ್ ಎಂಬ ವೈದ್ಯರು ಚಿಕಿತ್ಸೆಯಿಲ್ಲದೆ ಉಳಿದ ಮಕ್ಕಳ ಮೊಣಕೈ ಬಗ್ಗೆ ಬರೆದರು. ಬರೆದದ್ದು ಟ್ಯುನೀಶಿಯಾದಿಂದ. ಭಾರತ, ಥಾಯ್ಲೆಂಡ್, ದಕ್ಷಿಣ ಆಫ್ರಿಕಾದ ವೈದ್ಯರೂ ಇದರ ಬಗ್ಗೆ ಬರೆದಿದ್ದಾರೆ. ಶ್ರೀಮಂತ ದೇಶಗಳಲ್ಲಿ ಈಗ ಇಂಥ ಕೈ ಕಾಣಸಿಗುವುದೇ ಕಡಿಮೆ. ಅಲ್ಲಿ ಬಿದ್ದ ದಿನವೇ ಎಕ್ಸ್‌ರೇ ಆಗುತ್ತದೆ.

ನಮ್ಮಲ್ಲಿ ಮೊದಲು ಹೋಗುವುದು ಮೂಳೆ ಕಟ್ಟುವವರ ಬಳಿ. ಉರ್ದುವಿನಲ್ಲಿ ಇವರಿಗೆ ಜರ್ರಾಹ್ ಎನ್ನುತ್ತಾರೆ. ಅರಬಿಯಲ್ಲಿ ಅದೇ ಪದಕ್ಕೆ ಸರ್ಜನ್ ಎಂದು ಅರ್ಥ. ಅವರಲ್ಲಿ ಕೈಚಳಕ ಇರುವವರಿದ್ದಾರೆ, ಕಾಸೂ ಕಡಿಮೆ. ಆದರೆ ಎಕ್ಸ್‌ರೇ ಇಲ್ಲದೆ ಎಣ್ಣೆ ತಿಕ್ಕಿ ಬಿದಿರು ದಬ್ಬೆ ಕಟ್ಟಿದರೆ ಒಳಗೆ ಕೀಲು ಕೂತಿದೆಯೋ ಇಲ್ಲವೋ ಯಾರಿಗೂ ತಿಳಿಯಲ್ಲ. ಕಟ್ಟು ಬಿಚ್ಚುವ ಹೊತ್ತಿಗೆ ಆ ಮೂರು ವಾರ ಮುಗಿದಿರುತ್ತದೆ.