ಎರವಲು ಸಂಖ್ಯೆಯ ಚರಿತ್ರೆ

ದೂರವಾಣಿಯು ಲೋಕಕ್ಕೆ ಬಂದಾಗ ಅದಕ್ಕೆ ಸಂಖ್ಯೆಯೆಂಬುದಿರಲಿಲ್ಲ. 1878ರ ಜನವರಿಯಲ್ಲಿ ಅಮೆರಿಕದ ನ್ಯೂ ಹೇವನ್ ನಗರದಲ್ಲಿ ವಾಣಿಜ್ಯೋದ್ದೇಶದ ಮೊದಲ ವಿನಿಮಯ ಕೇಂದ್ರವು ತೆರೆದು, ಮರುತಿಂಗಳು ಅಲ್ಲಿಯ ಚಂದಾದಾರರ ಪಟ್ಟಿಯು ಒಂಟಿ ಹಾಳೆಯಲ್ಲಿ ಅಚ್ಚಾದಾಗ ಅದರಲ್ಲಿದ್ದುವು ಬರಿಯ ಹೆಸರುಗಳು. ಇಂಥವರು ಬೇಕೆಂದು ಕೇಳಿದರೆ ಸಾಕು, ಫಲಕದ ಮುಂದೆ ಕುಳಿತ ನಿರ್ವಾಹಕನು ಅವರ ತಂತಿಯನ್ನು ಜ್ಞಾಪಕದಿಂದಲೇ ಹುಡುಕಿ ಜೋಡಿಸುತ್ತಿದ್ದನು. ಮರುವರ್ಷ ಮ್ಯಾಸಚೂಸೆಟ್ಸಿನ ಲೋವೆಲ್ ಪಟ್ಟಣದಲ್ಲಿ ದಡಾರ ಹಬ್ಬಿದಾಗ, ಕೇಂದ್ರದ ನಾಲ್ವರು ನಿರ್ವಾಹಕರೂ ಏಕಕಾಲದಲ್ಲಿ ಹಾಸಿಗೆ ಹಿಡಿದರೆ ಇನ್ನೂರಕ್ಕೂ ಮಿಕ್ಕ ಹೆಸರುಗಳನ್ನು ಹೊಸಬರು ಕಲಿಯುವುದೆಂತು ಎಂಬ ಶಂಕೆಯು ಮೋಸೆಸ್ ಗ್ರೀಲಿ ಪಾರ್ಕರ್ ಎಂಬ ವೈದ್ಯನಿಗೆ ಹುಟ್ಟಿತೆಂದೂ, ಹೆಸರುಗಳನ್ನು ಬಿಟ್ಟು ತಂತಿಗಳಿಗೆ ಅಂಕೆಗಳನ್ನು ಕೊಡಿರೆಂದು ಆತನು ಸೂಚಿಸಿದನೆಂದೂ ದೂರವಾಣಿಯ ಚರಿತ್ರಕಾರರು ಹೇಳುತ್ತಾರೆ. ಅಂದಮೇಲೆ ಸಂಖ್ಯೆಯು ಜನ್ಮತಃ ಮನುಷ್ಯನ ಗುರುತಲ್ಲ, ಫಲಕದ ಮೇಲಣ ಒಂದು ರಂಧ್ರದ ಗುರುತು. ಅದು ವ್ಯಕ್ತಿಯ ಗುರುತಾಗಿ, ಅವನ ವಾಟ್ಸಾಪ್ ಖಾತೆಗೆ ರುಜುವಾತಾಗಿ, ಕೊನೆಗೆ ರುಜುವಾತಿಗೆಂದೇ ಬಾಡಿಗೆಗೆ ದೊರೆಯುವ ಪದಾರ್ಥವಾಗಿ ಪರಿಣಮಿಸಿದ ವೃತ್ತಾಂತವು ಸ್ವಾರಸ್ಯವುಳ್ಳದ್ದು.

ನಮ್ಮ ದೇಶದಲ್ಲಿ 1882ರ ಜನವರಿ 28ರಂದು ಕಲ್ಕತ್ತೆ, ಮುಂಬಯಿ, ಮದರಾಸುಗಳಲ್ಲಿ ವಿನಿಮಯ ಕೇಂದ್ರಗಳು ಪ್ರಾರಂಭವಾದುವು. ಸ್ವಾತಂತ್ರ್ಯ ಬಂದ ಮರುವರ್ಷವೇ, ಎಂದರೆ 1948ರಲ್ಲಿ, ಬೆಂಗಳೂರಿನ ಹೊರವಲಯದಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯು ಸ್ಥಾಪಿತವಾಗಿ, ಅದರ ಸುತ್ತ ದೂರವಾಣಿನಗರವೆಂಬ ಊರೇ ಬೆಳೆಯಿತು. ಯಂತ್ರವನ್ನು ತಯಾರಿಸುವ ಊರಿನಲ್ಲಿದ್ದರೂ ಯಂತ್ರವು ಮನೆಗೆ ಬರಬೇಕಾದರೆ ಅರ್ಜಿ ಹಾಕಿ ವರ್ಷಾನುಗಟ್ಟಲೆ ಕಾಯಬೇಕಾಗಿತ್ತೆಂಬುದನ್ನು ಐವತ್ತು ದಾಟಿದ ವಾಚಕರಿಗೆ ಹೇಳಬೇಕಾದುದಿಲ್ಲ.

ಆ ನಿರೀಕ್ಷೆಯ ಕಾಲದಲ್ಲಿ ಹುಟ್ಟಿದ್ದು ಪಿ.ಪಿ. ನಂಬರು. ಟ್ರಂಕ್ ಕಾಲ್ ಕಾಯ್ದಿರಿಸುವಾಗ ಸಂಖ್ಯೆಯೊಂದಿಗೆ ಇಂಥ ವ್ಯಕ್ತಿಯೇ (ಪರ್ಟಿಕ್ಯುಲರ್ ಪರ್ಸನ್) ಬೇಕೆಂದು ನಮೂದಿಸುವ ಪದ್ಧತಿಯಿಂದ ಬಂದ ಈ ಎರಡಕ್ಷರಗಳು, ಕ್ರಮೇಣ ಲಗ್ನಪತ್ರಿಕೆಯ ಅಡಿಯಲ್ಲಿ, ವಿಮಾ ಏಜೆಂಟರ ಚೀಟಿಯ ಮೇಲೆ, ಸಣ್ಣ ಅಂಗಡಿಯ ರಸೀದಿಪುಸ್ತಕದ ಮೂಲೆಯಲ್ಲಿ ಕಾಣಿಸಿಕೊಂಡುವು. ಸಂಖ್ಯೆ ನೆರೆಮನೆಯವರದು, ಬಳಕೆ ಮಾತ್ರ ನಮ್ಮದು. ಕರೆ ಬಂದೊಡನೆ ಆ ಮನೆಯ ಹುಡುಗನೊಬ್ಬನು ಕಾಂಪೌಂಡಿನ ಗೋಡೆಯ ಬಳಿ ನಿಂತು “ರಾಯರೇ, ನಿಮಗೆ ಧಾರವಾಡದಿಂದ ಫೋನು” ಎಂದು ಕೂಗುವುದು, ರಾಯರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಓಡುವುದು, ಅನ್ಯರ ನಡುಮನೆಯಲ್ಲಿ ನಿಂತು ಸ್ವಂತ ಸಂಸಾರದ ಸಂಗತಿಗಳನ್ನು ಧ್ವನಿ ತಗ್ಗಿಸಿ ಆಡಲೆತ್ನಿಸುವುದು, ತಂತಿಯ ಗೊರಗೊರದಿಂದಾಗಿ ಕಡೆಗೆ ಕಿರಿಚಿಯೇ ಹೇಳುವುದು, ಬರುವಾಗ ಮನೆಯೊಡತಿಗೆ “ತೊಂದರೆ ಕೊಟ್ಟೆವಮ್ಮ” ಎನ್ನುವುದು, ಇವೆಲ್ಲ ಆ ಎರಡಕ್ಷರಗಳೊಳಗೆ ಅಡಗಿದ್ದ ಆಚಾರಗಳು. ಗೌಪ್ಯವೆಂಬುದು ಅಲ್ಲಿ ಲೇಶವೂ ಇರಲಿಲ್ಲ. ಆದರೆ ಎರವಲು ಕೊಟ್ಟವರು ಯಾರೆಂಬುದು ಎರವಲು ಪಡೆದವರಿಗೆ ಚೆನ್ನಾಗಿ ಗೊತ್ತಿತ್ತು. ಮುಂದಿನ ಕಥೆಯೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ.

1986ರ ಜುಲೈಯಲ್ಲಿ ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆಯಾದ ಸಿ-ಡಾಟಿನ ಪ್ರಥಮ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರವು ನಮ್ಮ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿತು. ಎಸ್‌.ಟಿ.ಡಿ. ಬೂತುಗಳ ಹಳದಿ ಫಲಕಗಳು ಬೀದಿಬೀದಿಯಲ್ಲಿ ಎದ್ದುವು. 1995ರ ಜುಲೈ 31ರಂದು ಕಲ್ಕತ್ತೆಯಿಂದ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್‌ರಾಮ್ ಅವರೊಡನೆ, ದೇಶದಲ್ಲಿ ಮೊದಲ ಬಾರಿಗೆ, ಮೊಬೈಲಿನಲ್ಲಿ ಮಾತನಾಡಿದರು. ಮೊದಲಿಗೆ ಬಂದ ಕರೆಗೂ ಹಣ ತೆರಬೇಕಾಗಿದ್ದ ಈ ಯಂತ್ರವು 2003ರಲ್ಲಿ ಒಳಕರೆಗಳು ಉಚಿತವಾದ ಮೇಲೆ ಕೂಲಿಕಾರನ ಜೇಬಿಗೂ ಇಳಿಯಿತು. ಗೋಡೆಗೆ ಅಂಟಿದ್ದ ಸಂಖ್ಯೆಯು ದೇಹಕ್ಕೆ ಅಂಟಿತು. 2011ರ ಜನವರಿಯಲ್ಲಿ ಪೋರ್ಟಬಿಲಿಟಿಯು ದೇಶಾದ್ಯಂತ ಜಾರಿಗೆ ಬಂದು, ಕಂಪನಿಯನ್ನು ಬಿಟ್ಟರೂ ಸಂಖ್ಯೆಯನ್ನು ಬಿಡಬೇಕಾಗಿಲ್ಲವೆಂದಾದಾಗ, ಅದು ಆಜೀವ ಸಂಗಾತಿಯೇ ಆಯಿತೆಂದು ನಾವು ಭಾವಿಸಿದೆವು.

ಆದರೆ ಅದೇ ಅವಧಿಯಲ್ಲಿ ಸಂಖ್ಯೆಯನ್ನು ಉಪಕರಣದಿಂದ ಬೇರ್ಪಡಿಸುವ ವಿದ್ಯೆಯೂ ಪಕ್ವವಾಗುತ್ತಿತ್ತು. ವಿನಿಮಯ ಕೇಂದ್ರಗಳು ಗಣಕಯಂತ್ರಗಳಾದ ಮೇಲೆ ಸಂಖ್ಯೆಯೆಂಬುದು ಒಂದು ಕೋಷ್ಟಕದ ಸಾಲು ಮಾತ್ರ. ಅದರ ಎದುರಿಗೆ ತಂತಿಯನ್ನೇ ಬರೆಯಬೇಕೆಂಬ ನಿಯಮವಿಲ್ಲ, ಅಂತರ್ಜಾಲದ ವಿಳಾಸವನ್ನೂ ಬರೆಯಬಹುದು. ಹೀಗೆ ಸಿಮ್ಮಿಲ್ಲದೆ, ತಂತಿಯಿಲ್ಲದೆ, ಕೋಷ್ಟಕದಲ್ಲಿ ಮಾತ್ರ ಇರತಕ್ಕ ಸಂಖ್ಯೆಯೇ ವರ್ಚುವಲ್ ನಂಬರು. 2005ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಗ್ರ್ಯಾಂಡ್‌ಸೆಂಟ್ರಲ್ ಎಂಬ ಸಂಸ್ಥೆಯು ಒಂದೇ ಸಂಖ್ಯೆಗೆ ಬಂದ ಕರೆಯನ್ನು ಮನೆ, ಕಚೇರಿ, ಮೊಬೈಲುಗಳಿಗೆ ಒಟ್ಟಿಗೆ ಹಂಚಿತು. 2007ರಲ್ಲಿ ಗೂಗಲ್ ಅದನ್ನು ಕೊಂಡು, 2009ರಲ್ಲಿ ಗೂಗಲ್ ವಾಯ್ಸ್ ಎಂಬ ಹೆಸರಿನಿಂದ ಹೊರತಂದಿತು. ನಮ್ಮಲ್ಲಿ ಈ ವಿದ್ಯೆಯು ಮಿಸ್ಡ್ ಕಾಲಿನ ರೂಪವನ್ನು ತಾಳಿತು. 2010ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಜಿಪ್‌ಡಯಲ್ ಸಂಸ್ಥೆಯ ಸಂಖ್ಯೆಗಳಿಗೆ ಜನರು ಕಾಸು ವೆಚ್ಚವಿಲ್ಲದೆ ರಿಂಗ್ ಕೊಟ್ಟು ಕ್ರಿಕೆಟ್ ಸ್ಕೋರು ತರಿಸಿಕೊಂಡರು. ಆ ಕಡೆ ಎತ್ತಿಕೊಳ್ಳುವ ಮನುಷ್ಯನೂ ಇರಲಿಲ್ಲ, ಫೋನೂ ಇರಲಿಲ್ಲ. 2015ರಲ್ಲಿ ಟ್ವಿಟರ್ ಅದನ್ನು ಕೊಂಡುಕೊಂಡಿತು.

ಇನ್ನು ಸಂದೇಶದ ಖಾತೆಗಳ ವಿಚಾರ. ಯಾಹೂ ಮೆಸೆಂಜರಿನ ಕಾಲದಲ್ಲಿ ಒಬ್ಬನು ಬಯಸಿದಷ್ಟು ಹೆಸರುಗಳನ್ನು ಧರಿಸಬಹುದಾಗಿತ್ತು. ಹಾಗೆ ಧರಿಸಿ ಸೈಬರ್ ಕೆಫೆಗಳ ಮಂದಬೆಳಕಿನಲ್ಲಿ ತಮ್ಮ ವಯಸ್ಸನ್ನು ಇಳಿಸಿಕೊಂಡವರು ನಮ್ಮಲ್ಲಿ ಅಲ್ಪಸಂಖ್ಯೆಯವರೇನೂ ಅಲ್ಲ. 2009ರಲ್ಲಿ ಜಾನ್ ಕೂಮ್, ಬ್ರಯಾನ್ ಆಕ್ಟನ್ ಎಂಬಿಬ್ಬರು ವಾಟ್ಸಾಪನ್ನು ಕಟ್ಟಿದಾಗ ಹೆಸರನ್ನೂ ಗುಪ್ತಪದವನ್ನೂ ತೊರೆದು ಫೋನ್ ಸಂಖ್ಯೆಯನ್ನೇ ಖಾತೆಯಾಗಿ ಅಂಗೀಕರಿಸಿದುದು ಜಾಣತನದ ಕೆಲಸ: ಗೆಳೆಯರ ಪಟ್ಟಿಯು ಫೋನಿನೊಳಗೆ ಮೊದಲೇ ಇತ್ತು, ಮೇಲಾಗಿ ಸಂಖ್ಯೆಯನ್ನು ಪಡೆಯಲು ಹಣವೂ ದಾಖಲೆಯೂ ಬೇಕಾದುದರಿಂದ ಸುಳ್ಳು ಖಾತೆಗಳ ಸೃಷ್ಟಿಯು ಸುಲಭವಾಗಿರಲಿಲ್ಲ. ಆದರೆ ಒಬ್ಬ ಮನುಷ್ಯನಿಗೆ ಒಂದೇ ಮುಖವೆಂಬ ಅದರ ಕಲ್ಪನೆಯು ಲೋಕವ್ಯವಹಾರಕ್ಕೆ ಹೊಂದುವಂಥದ್ದಲ್ಲ. ಮನೆಯಿಂದ ಸೀರೆ ಮಾರುವ ಗೃಹಿಣಿಯು ಅಪರಿಚಿತ ಗಿರಾಕಿಗಳಿಗೆ, ಶಾಲೆಯ ಉಪಾಧ್ಯಾಯಿನಿಯು ನಡುರಾತ್ರಿ ಪ್ರಶ್ನೆ ಕಳುಹಿಸುವ ಪೋಷಕರಿಗೆ, ಬಾಡಿಗೆಗೆ ಮನೆ ಬಿಡುವವನು ದಲ್ಲಾಳಿಗಳಿಗೆ, ತಮ್ಮ ನೆಂಟರಿಗೆ ಕೊಟ್ಟ ಸಂಖ್ಯೆಯನ್ನೇ ಏಕೆ ಕೊಡಬೇಕು? ರೀಚಾರ್ಜ್ ಅಂಗಡಿಯ ಪುಸ್ತಕದಲ್ಲಿ ತನ್ನ ನಂಬರು ಬರೆಯಲು ಹಿಂಜರಿದ ಹೆಣ್ಣುಮಗಳನ್ನು ಕಂಡವರು ಎರಡನೆಯ ಖಾತೆಯ ಬಯಕೆಯನ್ನು ಕಪಟವೆಂದು ತಳ್ಳಿಹಾಕಲಾರರು.

ಆ ಬಯಕೆಗೆ ಅತ್ಯಂತ ಸಜ್ಜನಿಕೆಯ ಉತ್ತರವು ಹಳೆಯ ವರ್ತಕರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದೆ. 2018ರಲ್ಲಿ ವಾಟ್ಸಾಪ್ ಬಿಸಿನೆಸ್ ಬಂದ ಮೇಲೆ, ಅಂಗಡಿಯ ಸ್ಥಿರ ದೂರವಾಣಿಯನ್ನೇ ಅದರಲ್ಲಿ ನೋಂದಾಯಿಸಬಹುದು: 080ರಿಂದ ತೊಡಗುವ ಸಂಖ್ಯೆಯನ್ನು ಮೊಬೈಲಿನಲ್ಲಿ ನಮೂದಿಸಿ, ಎಸ್ಸೆಮ್ಮೆಸ್ಸು ಬರಲಾರದಾದ್ದರಿಂದ ಕರೆ ಮಾಡಿರೆಂದು ಒತ್ತಿದರೆ, ಧೂಳು ಹಿಡಿದ ಆ ಯಂತ್ರವೇ ಗಣಗಣಿಸಿ, ಎತ್ತಿದವರ ಕಿವಿಯಲ್ಲಿ ಒಂದು ಯಾಂತ್ರಿಕ ಕಂಠವು ದೃಢೀಕರಣದ ಆರು ಅಂಕೆಗಳನ್ನು ಬಿಡಿಬಿಡಿಯಾಗಿ ಉಚ್ಚರಿಸುತ್ತದೆ. ಸ್ಥಿರ ದೂರವಾಣಿಯೂ ಇಲ್ಲದವರು ಎರಡನೆಯ ಸಿಮ್ಮನ್ನು ಕೊಳ್ಳುತ್ತಾರೆ. 2023ರ ಅಕ್ಟೋಬರಿನಿಂದ ಒಂದೇ ಆಂಡ್ರಾಯ್ಡ್ ಫೋನಿನ ಒಂದೇ ವಾಟ್ಸಾಪಿನಲ್ಲಿ ಎರಡು ಖಾತೆಗಳಿಗೆ ಅವಕಾಶವಾಗಿದೆ.

ದಾಖಲೆ ಕೊಡಲೊಲ್ಲದವರು ಹಿಡಿದ ದಾರಿ ವರ್ಚುವಲ್ ನಂಬರಿನದು. ಆ್ಯಪೊಂದರಲ್ಲಿ ಹಣ ತೆತ್ತರೆ ಅಮೆರಿಕದ್ದೋ ಇಂಗ್ಲೆಂಡಿನದೋ ಸಂಖ್ಯೆಯೊಂದು ದೊರೆಯುತ್ತದೆ; ಆರಂಕಿಯ ಸಂಕೇತವು ಅಲ್ಲಿಗೆ ಬಂದು, ಅಲ್ಲಿಂದ ನಮ್ಮ ತೆರೆಗೆ ಬೀಳುತ್ತದೆ. ಇಂಥ ಸಂಖ್ಯೆಗಳ ಶ್ರೇಣಿಗಳನ್ನು ಗುರುತಿಸಿ ಎಷ್ಟೋ ಬಾರಿ ವಾಟ್ಸಾಪ್ ನಿರಾಕರಿಸುವುದುಂಟು. ಒಮ್ಮೆ ಒಳಹೊಕ್ಕರೆ ಮಾತ್ರ ಖಾತೆಯು ಅಂತರ್ಜಾಲದಿಂದಲೇ ನಡೆದು, ಹೊಸ ಫೋನಿಗೆ ಬದಲಾಯಿಸುವವರೆಗೂ ಸಂಖ್ಯೆಯನ್ನು ಪುನಃ ವಿಚಾರಿಸುವ ಪ್ರಸಂಗವೇ ವಿರಳ. ಈ ಸಡಿಲನ್ನು ದೂರ ದೇಶಗಳಲ್ಲಿ ಕುಳಿತ ವಂಚಕರು ಬಳಸಿಕೊಂಡುದರಿಂದ, 2025ರ ನವೆಂಬರಿನಲ್ಲಿ ಭಾರತದ ದೂರಸಂಪರ್ಕ ಇಲಾಖೆಯು ಸಂದೇಶದ ಆ್ಯಪುಗಳು ನೋಂದಾಯಿತ ಸಿಮ್ಮಿನೊಡನೆ ನಿರಂತರವಾಗಿ ಬೆಸೆದಿರಬೇಕೆಂದು ಆಜ್ಞಾಪಿಸಿತು. ಇತ್ತ ಟೆಲಿಗ್ರಾಂ 2022ರ ಡಿಸೆಂಬರಿನಲ್ಲಿ ಸಿಮ್ಮೇ ಇಲ್ಲದ, 888ರಿಂದ ತೊಡಗುವ ಅನಾಮಧೇಯ ಸಂಖ್ಯೆಗಳಿಗೆ ಬಾಗಿಲು ತೆರೆದಿತ್ತು. ಸಿಗ್ನಲ್ 2024ರಲ್ಲಿ ಸಂಖ್ಯೆಯನ್ನು ಮರೆಮಾಡಿ ಹೆಸರಿನಿಂದಲೇ ವ್ಯವಹರಿಸುವ ಅನುಕೂಲವನ್ನು ಕಲ್ಪಿಸಿತು.

ನನ್ನ ಅಭಿಪ್ರಾಯದಲ್ಲಿ ಎರಡನೆಯ ಖಾತೆಯಲ್ಲಿ ದೋಷವಿಲ್ಲ. ದೋಷವಿರುವುದು ಎರವಲು ಕೊಟ್ಟವನು ಯಾರೆಂದು ತಿಳಿಯದೆ ಪಡೆಯುವುದರಲ್ಲಿ. ಬಾಡಿಗೆ ನಿಂತ ಮೇಲೆ ವರ್ಚುವಲ್ ನಂಬರು ಬೇರೊಬ್ಬನ ಪಾಲಾಗಬಹುದು. ನಮ್ಮ ದೇಶದ ಮೊಬೈಲ್ ಸಂಖ್ಯೆಗೂ ಈ ಗತಿ ತಪ್ಪಿದ್ದಲ್ಲ, ಆದರೆ ಇಲ್ಲಿ ಕನಿಷ್ಠ 90 ದಿನಗಳ ಅಂತರವಾದರೂ ಉಂಟು. ಆ ಬೇರೊಬ್ಬನು ಅದೇ ಸಂಖ್ಯೆಯಿಂದ ನೋಂದಾಯಿಸಲು ಹೊರಟರೆ ಆರಂಕಿಯ ಸಂಕೇತವು ಅವನ ಕೈಗೇ ಹೋಗುವುದು. ಆದುದರಿಂದ ಅಂಥ ಖಾತೆಯುಳ್ಳ ವಾಚಕರು ಈ ಲೇಖನವನ್ನು ಕೆಳಗಿಡುವ ಮುನ್ನ ಸೆಟ್ಟಿಂಗ್ಸ್ ತೆರೆದು, ಎರಡು ಹಂತದ ದೃಢೀಕರಣದ ಪಿನ್ ಅನ್ನು ಇಟ್ಟುಕೊಳ್ಳತಕ್ಕದ್ದು. ಬಾಡಿಗೆ ಮುಗಿಯುವ ಮೊದಲೇ ಖಾತೆಯನ್ನು ಸ್ವಂತ ಸಂಖ್ಯೆಗೆ ಬದಲಾಯಿಸಿಕೊಳ್ಳತಕ್ಕದ್ದು.