ಥೈಮಸ್ ಗ್ರಂಥಿ ಮತ್ತು ಟಿ ಕೋಶಗಳ ಆಯ್ಕೆ

ಎದೆಮೂಳೆಯ ಹಿಂದೆ, ಹೃದಯದ ಮೇಲ್ಭಾಗದಲ್ಲಿರುವ ಎರಡು ಹಾಲೆಗಳ ಮೆದುವಾದ ಅಂಗ ಥೈಮಸ್. ಅಸ್ಥಿಮಜ್ಜೆಯಿಂದ ಬಂದ ಎಳೆಯ ಕೋಶಗಳು ಇಲ್ಲಿ ಬಲಿತು, ರೋಗಾಣುಗಳಿಂದ ದೇಹವನ್ನು ಕಾಯುವ ಟಿ ಕೋಶಗಳಾಗುತ್ತವೆ. ಬಹುಕಾಲ ಇದನ್ನು ಕೆಲಸವಿಲ್ಲದ ಅಂಗವೆಂದೇ ಎಣಿಸಲಾಗಿತ್ತು. 1961ರಲ್ಲಿ ಲಂಡನ್ನಿನಲ್ಲಿ ಜಾಕ್ ಮಿಲ್ಲರ್, ಆಗಷ್ಟೇ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆದು ನೋಡಿದರು. ಆ ಮರಿಗಳಲ್ಲಿ ಟಿ ಕೋಶಗಳೂ ಸೇರಿರುವ ಬಿಳಿ ರಕ್ತಕಣಗಳ ಗುಂಪಾದ ಲಿಂಫೋಸೈಟ್‌ಗಳು ತೀರಾ ಕಡಿಮೆಯಾದವು. ಬೇರೆ ತಳಿಯ ಇಲಿಯ ಚರ್ಮವನ್ನು ಕಸಿ ಮಾಡಿದರೂ ಅವುಗಳ ದೇಹ ಅದನ್ನು ತಿರಸ್ಕರಿಸಲಿಲ್ಲ.

ಪ್ರತಿ ಎಳೆಯ ಟಿ ಕೋಶವೂ ಜೀನ್ ತುಣುಕುಗಳನ್ನು ಯದ್ವಾತದ್ವಾ ಜೋಡಿಸಿ ತನ್ನದೇ ಗ್ರಾಹಕವನ್ನು ಕಟ್ಟಿಕೊಳ್ಳುತ್ತದೆ. ಮುಂದೆ ಬರಬಹುದಾದ ಯಾವ ರೋಗಾಣುವನ್ನಾದರೂ ಗುರುತಿಸಲು ಈ ವೈವಿಧ್ಯ ಬೇಕೇ ಬೇಕು. ಆದರೆ ಹೀಗೆ ಹುಟ್ಟಿದ ಗ್ರಾಹಕಗಳಲ್ಲಿ ಎಷ್ಟೋ ನಿಷ್ಪ್ರಯೋಜಕ, ಕೆಲವು ಸ್ವಂತ ದೇಹಕ್ಕೇ ಅಪಾಯಕಾರಿ. ಅದಕ್ಕಾಗಿಯೇ ಆಯ್ಕೆ.

ಮೊದಲ ಹಂತ ಥೈಮಸ್ಸಿನ ಹೊರಪದರದಲ್ಲಿ. ಅಲ್ಲಿನ ಎಪಿಥೀಲಿಯಲ್ ಕೋಶಗಳು ದೇಹದ್ದೇ ಪ್ರೋಟೀನ್ ತುಣುಕುಗಳನ್ನು ಎಂಎಚ್‌ಸಿ ಎಂಬ ಅಣುಗಳ ಮೇಲಿರಿಸಿ ತೋರಿಸುತ್ತವೆ. ಅವನ್ನು ಹಗುರಾಗಿ ಹಿಡಿಯಬಲ್ಲ ಟಿ ಕೋಶಕ್ಕೆ ಬದುಕುವ ಸಂಕೇತ ಸಿಗುತ್ತದೆ. ಹಿಡಿಯಲಾರದ್ದು ಕೆಲವೇ ದಿನಗಳಲ್ಲಿ ಸಾಯುತ್ತದೆ. ಮೊದಲ ವರ್ಗದ ಎಂಎಚ್‌ಸಿ ಹಿಡಿದವು ಸೋಂಕಿತ ಕೋಶಗಳನ್ನು ಕೊಲ್ಲುವ ಸಿಡಿ8 ಕೋಶಗಳಾಗುತ್ತವೆ, ಎರಡನೆಯ ವರ್ಗದ್ದನ್ನು ಹಿಡಿದವು ಇತರ ರಕ್ಷಣಾ ಕೋಶಗಳಿಗೆ ನೆರವಾಗುವ ಸಿಡಿ4 ಕೋಶಗಳಾಗುತ್ತವೆ.

ಉಳಿದವು ಒಳಪದರಕ್ಕೆ ಸಾಗುತ್ತವೆ. ಥೈಮಸ್ಸಿನ ನಿಜವಾದ ವಿಸ್ಮಯ ಇರುವುದು ಇಲ್ಲಿ. ಮೇದೋಜೀರಕ ಗ್ರಂಥಿಯಲ್ಲಿ ತಯಾರಾಗುವ ಇನ್ಸುಲಿನ್ ಕೂಡ ಇಲ್ಲಿನ ಕೆಲವು ಎಪಿಥೀಲಿಯಲ್ ಕೋಶಗಳಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ತಯಾರಾಗುತ್ತದೆ. ದೇಹದ ಬೇರೆ ಬೇರೆ ಅಂಗಗಳ ಸಾವಿರಾರು ಪ್ರೋಟೀನುಗಳನ್ನು ಹೀಗೆ ಒಂದೆಡೆ ತೋರಿಸಲು ಏರ್ ಎಂಬ ಜೀನ್ ನೆರವಾಗುತ್ತದೆ. ಅವುಗಳಿಗೆ ಬಲವಾಗಿ ಅಂಟಿಕೊಳ್ಳುವ ಟಿ ಕೋಶಗಳಲ್ಲಿ ಹೆಚ್ಚಿನವು ಸಾಯುತ್ತವೆ. ಕೆಲವು ಮಾತ್ರ ಉಳಿದು, ಇತರ ಟಿ ಕೋಶಗಳನ್ನು ಹತೋಟಿಯಲ್ಲಿಡುವ ನಿಯಂತ್ರಕ ಕೋಶಗಳಾಗುತ್ತವೆ. ಈ ಜೀನ್ ಕೆಟ್ಟರೆ ಏನಾಗುತ್ತದೆಂಬುದಕ್ಕೆ ಎಪಿಎಸ್-1 ಎಂಬ ಅಪರೂಪದ ಕಾಯಿಲೆ ಸಾಕ್ಷಿ. ಫಿನ್ಲೆಂಡಿನಲ್ಲಿ ತುಸು ಹೆಚ್ಚಾಗಿ ಕಾಣುವ ಈ ಕಾಯಿಲೆಯಲ್ಲಿ ರೋಗಿಯ ರಕ್ಷಣಾ ವ್ಯವಸ್ಥೆಯೇ ಪ್ಯಾರಾಥೈರಾಯ್ಡ್, ಅಡ್ರಿನಲ್ ಗ್ರಂಥಿಗಳ ಮೇಲೆ ದಾಳಿ ಮಾಡುತ್ತದೆ.

ಥೈಮಸ್ಸಿನಿಂದ ಜೀವಂತವಾಗಿ ಹೊರಬರುವ ಕೋಶಗಳು ನೂರಕ್ಕೆ ಐದಕ್ಕಿಂತಲೂ ಕಡಿಮೆ. ಇದನ್ನು ದುಂದುವೆಚ್ಚ ಎನ್ನಲಾಗದು. ತಪ್ಪು ಕೋಶವೊಂದು ನುಸುಳಿದರೆ ದೇಹ ತೆರಬೇಕಾದ ಬೆಲೆ ಅದಕ್ಕಿಂತ ದೊಡ್ಡದು.

ಪ್ರಾಯಕ್ಕೆ ಬಂದ ಮೇಲೆ ಥೈಮಸ್ ಕುಗ್ಗುತ್ತ, ಅದರ ಜಾಗವನ್ನು ಕೊಬ್ಬು ತುಂಬಿಕೊಳ್ಳುತ್ತದೆ. ಥೈಮಸ್ ಇಲ್ಲದೆಯೇ ಹುಟ್ಟುವ ಶಿಶುಗಳೂ ಇವೆ. ಹೃದಯ ಶಸ್ತ್ರಚಿಕಿತ್ಸೆಯ ವೇಳೆ ಬೇರೆ ಶಿಶುಗಳಿಂದ ತೆಗೆದ ಥೈಮಸ್ ಅಂಗಾಂಶವನ್ನು ಪ್ರಯೋಗಾಲಯದಲ್ಲಿ ಸಂಸ್ಕರಿಸಿ, ಅಂಥ ಮಕ್ಕಳ ತೊಡೆಯ ಸ್ನಾಯುವಿನಲ್ಲಿ ನೆಡುವ ಚಿಕಿತ್ಸೆಗೆ 2021ರಲ್ಲಿ ಅಮೆರಿಕದಲ್ಲಿ ಮನ್ನಣೆ ದೊರೆಯಿತು.